ಕೋವಿ ಕೆಳಗಿಟ್ಟ ಕೈಗೆ ಕೆಲಸ, ಕದಡಿದ ಮನಸ್ಸಿಗೆ ಮದ್ದು

1989ರ ಕ್ರಿಸ್‌ಮಸ್‌ನ ಹಿಂದಿನ ದಿನ ಚಾರ್ಲ್ಸ್ ಟೇಲರ್‌ನ ಬಂಡುಕೋರರು ಐವರಿ ಕೋಸ್ಟ್‌ನ ಗಡಿ ದಾಟಿ ಪಶ್ಚಿಮ ಆಫ್ರಿಕದ ಪುಟ್ಟ ದೇಶ ಲೈಬೀರಿಯಕ್ಕೆ ನುಗ್ಗಿದರು. ನಡುವೆ ಎರಡು ವರ್ಷ ತಣ್ಣಗಾಗಿ, ಮತ್ತೆ ಹೊತ್ತಿಕೊಂಡು 2003ರವರೆಗೂ ಉರಿದ ಅಂತರ್ಯುದ್ಧದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸತ್ತರೆಂದು ಅಂದಾಜು. ಎಲ್ಲ ಬಣಗಳೂ ಮಕ್ಕಳ ಕೈಗೆ ಕೋವಿ ಕೊಟ್ಟವು. ಸ್ಲೇಟು ಹಿಡಿಯಬೇಕಾದ ವಯಸ್ಸಿನಲ್ಲಿ ಆ ಹುಡುಗರು ಕಲಿತ ಕಸುಬೆಂದರೆ ಅದೊಂದೇ.

2003ರ ಆಗಸ್ಟ್‌ನಲ್ಲಿ ಟೇಲರ್ ದೇಶ ಬಿಟ್ಟ. ಘಾನಾದ ಅಕ್ರಾದಲ್ಲಿ ಶಾಂತಿ ಒಪ್ಪಂದವಾಯಿತು. ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಶಸ್ತ್ರಗಳನ್ನು ಒಪ್ಪಿಸಿಕೊಳ್ಳಲು ಹೊರಟಾಗ ನಿರೀಕ್ಷೆಗೂ ಮೀರಿ ಯೋಧರು ಬಂದರು. ಹಣಕ್ಕಾಗಿ ಗಲಭೆಯಾಗಿ, ಕಾರ್ಯಕ್ರಮವನ್ನೇ ನಿಲ್ಲಿಸಿ 2004ರ ಏಪ್ರಿಲ್‌ನಲ್ಲಿ ಮತ್ತೆ ಆರಂಭಿಸಬೇಕಾಯಿತು. ಕೊನೆಗೆ ಹೆಸರು ಬರೆಸಿದವರು ಒಂದು ಲಕ್ಷಕ್ಕೂ ಹೆಚ್ಚು. ಬಂದ ಕೋವಿಗಳು ಸುಮಾರು 28 ಸಾವಿರ! ತಲಾ 300 ಡಾಲರ್, ಜೊತೆಗೆ ಶಾಲೆ ಅಥವಾ ಬಡಗಿ, ಗಾರೆ, ಹೊಲಿಗೆ ಮುಂತಾದ ಕೆಲಸಗಳ ತರಬೇತಿ. ಕೈಗೆ ಕೆಲಸ ಕೊಟ್ಟರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬುದು ಆಗಿನ ಲೆಕ್ಕಾಚಾರ.

ಆ ಲೆಕ್ಕ ಪೂರ್ತಿ ತಪ್ಪೇನೂ ಅಲ್ಲ. ಮಾಜಿ ಯೋಧರಿಗೆ ಬೇಸಾಯ ಕಲಿಸಿದ ಒಂದು ಯೋಜನೆಯಲ್ಲಿ ಹಲವರು ನೇಗಿಲಿಗೆ ಮರಳಿದ್ದೂ ಉಂಟು. ಆದರೆ ರಾಜಧಾನಿ ಮನ್ರೋವಿಯದ ಬೀದಿಗಳಲ್ಲಿ ಕಳ್ಳತನ, ಮಾದಕವಸ್ತುಗಳ ಮಾರಾಟದಿಂದಲೇ ಹೊಟ್ಟೆ ಹೊರೆಯುವ ಯುವಕರು ಉಳಿದೇ ಉಳಿದರು. ಥಟ್ಟನೆ ಕೆರಳುವ ಸಿಟ್ಟು, ನಾಳೆಯೆಂಬುದಿಲ್ಲ ಎಂಬಂತೆ ಬದುಕುವ ಅಭ್ಯಾಸ, ಸಮಾಜ ತಮ್ಮನ್ನು ಮನುಷ್ಯರೆಂದು ಕಾಣುವುದಿಲ್ಲವೆಂಬ ಭಾವ. ಇವುಗಳಿಗೆ ಹೊಲಿಗೆ ಯಂತ್ರದಲ್ಲಿ ಮದ್ದಿರಲಿಲ್ಲ.

ಆ ಮದ್ದನ್ನು ಹುಡುಕಿದ್ದು ದೊಡ್ಡ ಆಸ್ಪತ್ರೆಯಲ್ಲ, ಜಾನ್ಸನ್ ಬೋರ್ ಮತ್ತು ಸಂಗಡಿಗರ ‘ನೆಪಿ’ ಎಂಬ ಸ್ಥಳೀಯ ಸಂಸ್ಥೆ. ಎಂಟು ವಾರಗಳ ಕಾಲ, ಸುಮಾರು 20 ಮಂದಿಯ ಗುಂಪು ವಾರಕ್ಕೆ ಮೂರು ಬಾರಿ ಸೇರುತ್ತಿತ್ತು. ನಡೆಸಿಕೊಡುತ್ತಿದ್ದವರು ಮನೋವೈದ್ಯರಲ್ಲ, ಅವರಲ್ಲಿ ಅನೇಕರು ತಾವೂ ಹಿಂದೆ ಕೋವಿ ಹಿಡಿದು, ಬೀದಿಯಲ್ಲಿ ಬದುಕಿ ಬಂದವರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯವಿದು. ಸಿಟ್ಟು ಬಂದಾಗ ಏನು ಮಾಡಬೇಕು, ಕೈಗೆ ಬಂದ ಹಣವನ್ನು ಹೇಗೆ ಉಳಿಸಬೇಕು ಎಂಬ ಮಾತುಕತೆಯ ಜೊತೆಗೆ ಮನೆಪಾಠವೂ ಇತ್ತು. ಕ್ಷೌರ ಮಾಡಿಸಿಕೊಂಡು, ಒಗೆದ ಬಟ್ಟೆ ತೊಟ್ಟು, ಬ್ಯಾಂಕಿಗೋ ದೊಡ್ಡ ಅಂಗಡಿಗೋ ಹೋಗಿ ಬರಬೇಕು! ಇದು ಮನೋವೈದ್ಯರು ‘ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ’ ಎಂದು ಕರೆಯುವ, ಆಲೋಚನೆಯನ್ನೂ ನಡವಳಿಕೆಯನ್ನೂ ಒಟ್ಟಿಗೆ ತಿದ್ದುವ ಚಿಕಿತ್ಸೆಯ ನಾಡವತರಣಿಕೆ ಎನ್ನಬಹುದು.

ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಬ್ಲಾಟ್‌ಮನ್, ಜೂಲಿಯನ್ ಜೇಮಿಸನ್ ಮತ್ತು ಮಾರ್ಗರೆಟ್ ಶೆರಿಡನ್ ಈ ಪ್ರಯತ್ನವನ್ನು ಒರೆಗೆ ಹಚ್ಚಿದರು. ಅಪರಾಧದ ಹಾದಿಯಲ್ಲಿದ್ದ 999 ಯುವಕರನ್ನು ಆರಿಸಿ, ಚೀಟಿ ಎತ್ತಿದಂತೆ ನಾಲ್ಕು ಪಾಲು ಮಾಡಲಾಯಿತು. ಒಂದು ಪಾಲಿಗೆ ಚಿಕಿತ್ಸೆ ಮಾತ್ರ, ಇನ್ನೊಂದಕ್ಕೆ 200 ಡಾಲರ್ ಮಾತ್ರ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಏನೂ ಇಲ್ಲ. ಇಂಥವರ ಕೈಗೆ ಹಣವೆಂದರೆ ಹೆಂಡಕ್ಕೆ, ಗಾಂಜಾಕ್ಕೆ ತಾನೆ ಎಂದು ಮೂಗು ಮುರಿದವರಿದ್ದರು. ಹಾಗಾಗಲಿಲ್ಲ. ಬಹುಪಾಲು ಹಣ ಊಟ, ಬಟ್ಟೆ, ಬಾಡಿಗೆ, ಸಣ್ಣ ವ್ಯಾಪಾರಕ್ಕೆ ಹೋಯಿತು. ಆದರೆ ವ್ಯಾಪಾರ ನಿಲ್ಲಲಿಲ್ಲ. ಬೀದಿ ವ್ಯಾಪಾರಿಗಳಾದ ಈ ಮಾಜಿ ಕಳ್ಳರನ್ನು ಕಳ್ಳರೇ ದೋಚಿದ್ದು ಅದಕ್ಕೊಂದು ಕಾರಣ. ಹಣ ಮಾತ್ರ ಪಡೆದವರ ಲಾಭ ಕೆಲವೇ ತಿಂಗಳಲ್ಲಿ ಕರಗಿತು. ಚಿಕಿತ್ಸೆ ಮಾತ್ರ ಪಡೆದವರಲ್ಲಿ ಕಂಡ ಬದಲಾವಣೆಯೂ ವರ್ಷದೊಳಗೆ ಮಸುಕಾಯಿತು. ಎರಡನ್ನೂ ಪಡೆದವರು ಮಾತ್ರ ಹೊಸ ಹಾದಿಯಲ್ಲಿ ಉಳಿದರು. ಹತ್ತು ವರ್ಷದ ಬಳಿಕ ಮತ್ತೆ ಹುಡುಕಿ ವಿಚಾರಿಸಿದಾಗಲೂ, 2022ರಲ್ಲಿ ಪ್ರಕಟವಾದ ವರದಿಯಂತೆ, ಅವರಲ್ಲಿ ಕಳ್ಳತನ, ಹಿಂಸೆಯಂಥ ವರ್ತನೆ ಸುಮಾರು ಅರ್ಧದಷ್ಟು ಕಡಿಮೆಯಿತ್ತು.

ಆ 200 ಡಾಲರ್ ಯಾರನ್ನೂ ಸಿರಿವಂತರನ್ನಾಗಿ ಮಾಡಲಿಲ್ಲ. ಅದು ಕೊಟ್ಟದ್ದು ಕೆಲವು ತಿಂಗಳ ಬಿಡುವು. ಕದಿಯದೆ ಉಣ್ಣಲು ಸಾಧ್ಯವಾದ ಆ ದಿನಗಳಲ್ಲಿ ಕಲಿತ ನಡತೆ ಅಭ್ಯಾಸವಾಯಿತು ಎಂಬುದು ಸಂಶೋಧಕರ ಊಹೆ. ಒಪ್ಪಬಹುದಾದ ಊಹೆಯೇ.

ನೆರೆಯ ಸಿಯೆರಾ ಲಿಯೋನ್‌ನಲ್ಲೂ ಇದೇ ಜಾಡಿನ ಪ್ರಯತ್ನ ನಡೆಯಿತು. ಥೆರೆಸಾ ಬೆಟನ್‌ಕೋರ್ಟ್ ಅವರ ತಂಡ ರೂಪಿಸಿದ ಮನೋಬಲದ ತರಬೇತಿಯನ್ನು ಮೂರು ಜಿಲ್ಲೆಗಳಲ್ಲಿ ಸ್ವಂತ ಉದ್ಯೋಗ ತರಬೇತಿಯೊಡನೆ ಬೆಸೆಯಲಾಯಿತು. ಆ ಜಿಲ್ಲೆಗಳಲ್ಲೊಂದು ಕೈಲಾಹುನ್. 2000ದ ಜುಲೈನಲ್ಲಿ ಬಂಡುಕೋರರು ಸುತ್ತುವರಿದಿದ್ದ ಭಾರತೀಯ ಶಾಂತಿಪಾಲಕರನ್ನು ‘ಆಪರೇಷನ್ ಖುಕ್ರಿ’ ಮೂಲಕ ಬಿಡಿಸಿಕೊಂಡ ಊರು ಅದೇ ಜಿಲ್ಲೆಯದು.

ಮನ್ರೋವಿಯದ ಬೀದಿಗಳಲ್ಲಿ ಈಗ ಯುದ್ಧವನ್ನೇ ಕಾಣದ ಹೊಸ ಪೀಳಿಗೆಯ ಹುಡುಗರಿದ್ದಾರೆ. ಅಗ್ಗದ ‘ಕುಶ್’ ಎಂಬ ಮಾದಕವಸ್ತು ಅವರನ್ನು ಹಿಡಿದಿದೆ. 2024ರ ಜನವರಿಯಲ್ಲಿ ಅಧ್ಯಕ್ಷ ಜೋಸೆಫ್ ಬೊಅಕಾಯ್ ಮಾದಕ ವ್ಯಸನವನ್ನು ಸಾರ್ವಜನಿಕ ಆರೋಗ್ಯದ ತುರ್ತು ಪರಿಸ್ಥಿತಿ ಎಂದು ಸಾರಿದರು.