ಜೀಪು ಎಷ್ಟು ವಾಲಿದರೆ ಮಗುಚುತ್ತದೆ?

ಮಲೆನಾಡಿನ ಕಾಫಿ ತೋಟಗಳ ಕಚ್ಚಾ ದಾರಿಯಲ್ಲಿ ಜೀಪು ಒಂದು ಪಕ್ಕಕ್ಕೆ ವಾಲಿಕೊಂಡೇ ಸಾಗುವುದನ್ನು ನೀವು ನೋಡಿರಬಹುದು. ಇನ್ನೇನು ಉರುಳಿತು ಎಂಬ ಅಳುಕು ನೋಡುವವರಿಗೆ ಸಹಜ. ಈ ಅಳುಕಿಗೆ ಗಣಿತದಲ್ಲಿ ಒಂದೇ ಸಾಲಿನ ಉತ್ತರವಿದೆ. ಆದರೆ ಆ ಉತ್ತರ ವಾಹನ ಕೊಳ್ಳುವವರ ಕೈ ಸೇರಲು ಜೀಪು ಹುಟ್ಟಿದ ಮೇಲೆ ಅರವತ್ತು ವರ್ಷಗಳು ಬೇಕಾದವು.

ಎತ್ತರ ಬಂದದ್ದು ಹೇಗೆ?

1940ರ ಜುಲೈನಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಹಗುರ ವಾಹನ ಬೇಕೆಂದು 135 ಕಂಪನಿಗಳನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದೇ ವರ್ಷದ ಸೆಪ್ಟೆಂಬರ್ 23ರಂದು ತನ್ನ ಮಾದರಿಯನ್ನು ಸೇನೆಗೆ ಒಪ್ಪಿಸಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವ ವೇಳೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಜೋಡಣೆ ಆರಂಭಿಸಿತು. 1948ರಲ್ಲಿ ಬ್ರಿಟನ್ನಿನ ಲ್ಯಾಂಡ್ ರೋವರ್ ಬಂತು.

ಇಂಥ ವಾಹನದ ಮುಂದಿನ ಅಚ್ಚಿಗೂ ಶಕ್ತಿ ಹಾಯಬೇಕು. ಕಲ್ಲು, ಬೊಡ್ಡೆಗಳು ಹೊಟ್ಟೆಗೆ ತಾಗಬಾರದು. ಹೀಗಾಗಿ ಎಂಜಿನ್, ಗೇರು, ಆಸನ ಎಲ್ಲವೂ ನೆಲದಿಂದ ಮೇಲಕ್ಕೆ ಹೋದವು. ಇಕ್ಕಟ್ಟಾದ ದಾರಿಗಳಲ್ಲಿ ನುಸುಳಬೇಕಾದ್ದರಿಂದ ಅಗಲವನ್ನು ಹೆಚ್ಚಿಸುವಂತಿರಲಿಲ್ಲ. ಯುದ್ಧಕಾಲದ ಜೀಪಿಗೆ ಬಟ್ಟೆಯ ಹೊದಿಕೆ ಮಾತ್ರ ಇತ್ತು. ಕುಟುಂಬಗಳು ಕೊಳ್ಳತೊಡಗಿದಾಗ ಲೋಹದ ಚಾವಣಿ, ಗಾಜು, ಅದರ ಮೇಲೆ ಸಾಮಾನಿನ ಹೊರೆ ಎಲ್ಲವೂ ಏರಿದವು.

ಒಂದು ಸಾಲಿನ ಸೂತ್ರ

ಗುರುತ್ವ ಕೇಂದ್ರದ ಕಲ್ಪನೆಯನ್ನು ಕ್ರಿ.ಪೂ. ಮೂರನೆಯ ಶತಮಾನದಲ್ಲೇ ಆರ್ಕಿಮಿಡೀಸ್ ಬಳಸಿದ್ದ. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರ ಚಕ್ರಗಳ ನಡುವೆ ಬೀಳುವವರೆಗೆ ವಾಹನ ನಿಲ್ಲುತ್ತದೆ. ಕೆಳಬದಿಯ ಚಕ್ರವನ್ನು ದಾಟಿದರೆ ಮಗುಚುತ್ತದೆ. ಇದರಿಂದ ಬರುವ ಸೂತ್ರ:

ಸ್ಥಿರತಾಂಕ = ಎಡ–ಬಲ ಚಕ್ರಗಳ ನಡುವಿನ ಅಂತರ ÷ (2 × ಗುರುತ್ವ ಕೇಂದ್ರದ ಎತ್ತರ)

ಯಾವ ಕೋನದ ಟ್ಯಾನ್ಜೆಂಟ್ ಈ ಅಂಕಕ್ಕೆ ಸಮವೋ ಆ ಕೋನವೇ ಮಗುಚುವ ಅಂಚು. ಚಕ್ರಗಳ ಅಂತರ 1.5 ಮೀಟರ್ ಇರಲಿ. ಗುರುತ್ವ ಕೇಂದ್ರ 0.55 ಮೀಟರ್ ಎತ್ತರದಲ್ಲಿರುವ ಕಾರಿಗೆ ಸ್ಥಿರತಾಂಕ 1.36, ಕೋನ ಸುಮಾರು 54 ಡಿಗ್ರಿ. ಅದು 0.7 ಮೀಟರ್ ಎತ್ತರದಲ್ಲಿರುವ ಜೀಪಿಗೆ 1.07, ಅಂದರೆ 47 ಡಿಗ್ರಿ.

47 ಡಿಗ್ರಿಯನ್ನು ನಂಬಬಹುದೇ?

ಖಂಡಿತ ನಂಬಬಾರದು. ಲೆಕ್ಕ ಮಾಡಿ ನೋಡಿ. ಈ ಜೀಪಿನ ತೂಕ 1,500 ಕಿ.ಗ್ರಾಂ. ಎಂದುಕೊಳ್ಳಿ. 1.9 ಮೀಟರ್ ಎತ್ತರದ ಚಾವಣಿಯ ಮೇಲೆ 150 ಕಿ.ಗ್ರಾಂ. ಹೊರೆ ಇಟ್ಟರೆ ಗುರುತ್ವ ಕೇಂದ್ರ 0.81 ಮೀಟರಿಗೆ ಏರುತ್ತದೆ, ಕೋನ 43 ಡಿಗ್ರಿಗೆ ಇಳಿಯುತ್ತದೆ. ಈಗ ಮೇಲ್ಬದಿಯ ಚಕ್ರಗಳು 20 ಸೆಂ.ಮೀ. ದಿಬ್ಬ ಹತ್ತಿ, ಕೆಳಬದಿಯ ಚಕ್ರಗಳು 20 ಸೆಂ.ಮೀ. ಗುಂಡಿಗೆ ಇಳಿದರೆ ವಾಲಿಕೆ ಸುಮಾರು 15 ಡಿಗ್ರಿ ಹೆಚ್ಚುತ್ತದೆ. ಉಳಿದದ್ದು ಬರೀ 28 ಡಿಗ್ರಿ! ಕೆಳಬದಿಯ ಸ್ಪ್ರಿಂಗು, ಟಯರುಗಳು ಕುಗ್ಗುವುದರಿಂದ ಅದರಲ್ಲೂ ಒಂದಷ್ಟು ಹೋಗುತ್ತದೆ.

ಇನ್ನೊಂದು ಸಂಗತಿಯೂ ಇದೆ. ನೆಲದ ಘರ್ಷಣಾಂಕ ಸ್ಥಿರತಾಂಕಕ್ಕಿಂತ ಕಡಿಮೆಯಿದ್ದರೆ ವಾಹನ ಮಗುಚುವ ಮೊದಲು ಜಾರುತ್ತದೆ. ಒದ್ದೆ ಮಣ್ಣಿನಲ್ಲಿ ಆಗುವುದು ಇದೇ. ಜಾರುವುದು ಕ್ಷೇಮವೆನಿಸಬಹುದು, ಆದರೆ ಜಾರುವ ಚಕ್ರಕ್ಕೆ ಕಲ್ಲೋ ಬೊಡ್ಡೆಯೋ ಅಡ್ಡ ಸಿಕ್ಕಿದರೆ ವಾಹನ ಎಡವಿದಂತೆ ಉರುಳುತ್ತದೆ. ಅನುಭವಿ ಚಾಲಕರು ಇಳಿಜಾರನ್ನು ಅಡ್ಡ ಹಾಯದೆ ನೇರವಾಗಿ ಹತ್ತುವುದು ಅಥವಾ ಇಳಿಯುವುದು, ಜಾರಿದಾಗ ಸ್ಟಿಯರಿಂಗನ್ನು ಕೆಳಮುಖವಾಗಿ ತಿರುಗಿಸುವುದು ಇದಕ್ಕಾಗಿಯೇ.

ತಳ್ಳಿಹಾಕಿದ ಸೂತ್ರ ಮರಳಿ ಬಂತು

ಬ್ರಿಟನ್ನಿನಲ್ಲಿ ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನಲ್ಲಿ ಭಾರ ತುಂಬಿ, 28 ಡಿಗ್ರಿವರೆಗೆ ಓರೆಯಾಗಿಸಿದರೂ ಅದು ಮಗುಚಬಾರದೆಂಬ ನಿಯಮವಿದೆ. ಎತ್ತರದ ಜೀಪು ಮಾದರಿಯ ವಾಹನಗಳಿಗೆ ಅಮೆರಿಕದಲ್ಲಿ ಇಂಥ ಕಟ್ಟಳೆ ಇರಲಿಲ್ಲ. 1986ರಲ್ಲಿ ಅಲ್ಲಿನ ಸಂಸದ ಟಿಮೊತಿ ವರ್ತ್ ಸ್ಥಿರತಾಂಕ 1.2ಕ್ಕಿಂತ ಕಡಿಮೆ ಇರಬಾರದೆಂದು ಮನವಿ ಸಲ್ಲಿಸಿದರು. ಹೆದ್ದಾರಿ ಸುರಕ್ಷತಾ ಸಂಸ್ಥೆ 1987ರಲ್ಲಿ ಅದನ್ನು ತಳ್ಳಿಹಾಕಿತು. 1988ರಲ್ಲಿ ಸುಜುಕಿ ಸಮುರಾಯ್ ಮಗುಚುತ್ತದೆಂದು ಗ್ರಾಹಕ ಪತ್ರಿಕೆಯೊಂದು ಸಾರಿತು. ಕಂಪನಿ ಅದನ್ನು ಒಪ್ಪಲಿಲ್ಲ. ಆ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು 2004ರಲ್ಲಿ.

ಆ ಹೊತ್ತಿಗೆ ಅಮೆರಿಕದಲ್ಲಿ ವಾಹನ ಮಗುಚಿ ಸಾಯುವವರು ವರ್ಷಕ್ಕೆ ಸುಮಾರು 10,000 ಮಂದಿ. 2001ರ ಮಾದರಿ ವರ್ಷದಿಂದ ಅದೇ ಸಂಸ್ಥೆ ಅದೇ ಸ್ಥಿರತಾಂಕದ ಆಧಾರದ ಮೇಲೆ ವಾಹನಗಳಿಗೆ ನಕ್ಷತ್ರಗಳನ್ನು ಕೊಡತೊಡಗಿತು. ಹೆಚ್ಚಿನ ಕಾರುಗಳ ಅಂಕ 1.3ರಿಂದ 1.5, ಎತ್ತರದ ವಾಹನಗಳದು 1.0ರಿಂದ 1.3. ಇಳಿಜಾರಿನ ಸೂತ್ರ ಸಮತಟ್ಟು ರಸ್ತೆಗೆ ಹೇಗೆ ಹೊಂದುತ್ತದೆ ಎಂದು ನೀವು ಕೇಳಬಹುದು. ತಿರುವಿನಲ್ಲಿ ಹೊರಕ್ಕೆ ಎಳೆದಂತಾಗುವ ಬಲ ಮತ್ತು ತೂಕ, ಇವೆರಡರ ಅನುಪಾತ ಇಳಿಜಾರಿನ ಟ್ಯಾನ್ಜೆಂಟಿನಂತೆಯೇ ಕೆಲಸ ಮಾಡುತ್ತದೆ.

ಜಾರುವ ವಾಹನದ ಒಂದೊಂದೇ ಚಕ್ರಕ್ಕೆ ತಾನೇ ಬ್ರೇಕು ಹಾಕುವ ವಿದ್ಯುನ್ಮಾನ ಸ್ಥಿರತಾ ನಿಯಂತ್ರಣವನ್ನು 2007ರಲ್ಲಿ ಅಮೆರಿಕ ಕಡ್ಡಾಯಗೊಳಿಸಿತು. 2012ರ ಮಾದರಿಗಳ ವೇಳೆಗೆ ಅದು ಎಲ್ಲ ಹೊಸ ಕಾರುಗಳಿಗೂ ಅನ್ವಯಿಸಿತು. ರಸ್ತೆಯಲ್ಲಿ ಅದರಿಂದ ಬಹಳ ಪ್ರಯೋಜನವಾಗಿದೆ. ಆದರೆ ಅಡ್ಡ ಇಳಿಜಾರಿನಲ್ಲಿ ಮೆಲ್ಲಗೆ ಸಾಗುವ ಜೀಪಿನ ಗುರುತ್ವ ಕೇಂದ್ರವನ್ನು ಅದು ಕೆಳಗಿಳಿಸಲಾರದು.

ಮಾಡಿ ನೋಡಿ

ಆಟಿಕೆ ಜೀಪೊಂದನ್ನು ಹಲಗೆಯ ಮೇಲೆ ಅಡ್ಡಲಾಗಿಡಿ. ಜಾರದಂತೆ ಚಕ್ರದ ಬಳಿ ತೆಳುವಾದ ಪಟ್ಟಿ ಅಂಟಿಸಿ. ಹಲಗೆಯನ್ನು ನಿಧಾನವಾಗಿ ಎತ್ತುತ್ತಾ, ಮಗುಚುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಅದರ ಟ್ಯಾನ್ಜೆಂಟಿನಿಂದ ಗುರುತ್ವ ಕೇಂದ್ರದ ಎತ್ತರವನ್ನು ಕಂಡುಹಿಡಿಯಿರಿ. ಬಳಿಕ ಚಾವಣಿಗೆ ಒಂದೊಂದೇ ನಾಣ್ಯ ಅಂಟಿಸುತ್ತಾ ಮತ್ತೆ ಅಳೆಯಿರಿ. ಪ್ರತಿ ನಾಣ್ಯಕ್ಕೂ ಕೋನ ಎಷ್ಟು ಇಳಿಯಿತೆಂದು ಬರೆದಿಟ್ಟುಕೊಳ್ಳಿ. ಜೀಪಿನ ಚಾವಣಿಯ ಮೇಲೆ ಮೂಟೆ ಹೇರುವವರಿಗೆ ತೋರಿಸಬೇಕಾದ ಕೋಷ್ಟಕ ಅದು.