ಮಾಲ್ಟಾದ ಆಡುಗಳು

ನಾನು ಚಿಕ್ಕವನಾಗಿದ್ದಾಗ ಮೈಸೂರಿನ ನಮ್ಮ ಬೀದಿಗೆ ಹಸುವನ್ನು ಹೊಡೆದುಕೊಂಡು ಬಂದು, ಮನೆ ಬಾಗಿಲಲ್ಲೇ ಹಾಲು ಕರೆದು ಕೊಡುವವನೊಬ್ಬನಿದ್ದ. ಕಣ್ಣೆದುರಿಗೆ ಕರೆದ ಹಾಲಿನಲ್ಲಿ ಮೋಸವಿಲ್ಲವೆಂದು ಬೀದಿಯವರಿಗೆಲ್ಲ ನಂಬಿಕೆ. ನನ್ನ ತಾಯಿ ಮಾತ್ರ ಅದು ಒಲೆಯ ಮೇಲೆ ಉಕ್ಕಿ ಬರುವವರೆಗೆ ನಮಗೆ ಒಂದು ತೊಟ್ಟೂ ಕೊಡುತ್ತಿರಲಿಲ್ಲ. ಆಕೆಯ ಹಟದ ಬೆಲೆ ನನಗೆ ತಿಳಿದದ್ದು ಮಾಲ್ಟಾ ದ್ವೀಪದ ಚರಿತ್ರೆಯನ್ನು ಓದಿದ ಮೇಲೆ.

ಮೆಡಿಟರೇನಿಯನ್ ಸಮುದ್ರದ ನಡುವಿನ ಆ ಪುಟ್ಟ ದ್ವೀಪದಲ್ಲೂ ಹಿಂದೆ ಇದೇ ಪದ್ಧತಿಯಿತ್ತು. ಆಡುಗಳ ಹಿಂಡು ಬೀದಿಗೆ ಬರುತ್ತಿತ್ತು. ಬಾಗಿಲಲ್ಲಿ ಕರೆದ ಹಾಲನ್ನು ಹಲವರು ಕಾಯಿಸದೆಯೇ ಕುಡಿಯುತ್ತಿದ್ದರು. ಆಗ ಮಾಲ್ಟಾ ಬ್ರಿಟಿಷರ ಅಧೀನ. ಅವರ ಸೈನಿಕರನ್ನು ಅಲ್ಲಿ ಒಂದು ವಿಚಿತ್ರ ಜ್ವರ ಕಾಡುತ್ತಿತ್ತು. ಏರುವುದು, ಇಳಿಯುವುದು, ಮತ್ತೆ ಏರುವುದು. ತಿಂಗಳುಗಟ್ಟಲೆ ಬೆವರು, ಕೀಲುನೋವು. 1887ರಲ್ಲಿ ಸೇನೆಯ ವೈದ್ಯ ಡೇವಿಡ್ ಬ್ರೂಸ್ ಸತ್ತ ಸೈನಿಕರ ಗುಲ್ಮದಿಂದ ಅದರ ರೋಗಾಣುವನ್ನು ಬೇರ್ಪಡಿಸಿದನು. ಆದರೆ ಅದು ಮೈಯನ್ನು ಹೊಗುವ ದಾರಿ ಮತ್ತೆ ಹದಿನೆಂಟು ವರ್ಷ ಯಾರಿಗೂ ತಿಳಿಯಲಿಲ್ಲ.

1905ರಲ್ಲಿ ಮಾಲ್ಟಾದವನೇ ಆದ ವೈದ್ಯ ತೆಮಿಸ್ಟೊಕ್ಲಿಸ್ ಜಮ್ಮಿಟ್ ಆಡುಗಳ ರಕ್ತವನ್ನು ಪರೀಕ್ಷಿಸಿದನು. ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲೇ ರೋಗಾಣು ಮನೆಮಾಡಿತ್ತು. ಹತ್ತರಲ್ಲಿ ಸುಮಾರು ಒಂದರ ಹಾಲಿನಲ್ಲಿ ಅದು ಹೊರಬರುತ್ತಿತ್ತು. ಆ ವರ್ಷ ಸೇನೆಯಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಈ ಜ್ವರದಿಂದ ಮಲಗಿದರು. 1906ರಲ್ಲಿ ಸೈನಿಕರಿಗೆ ಆಡಿನ ಹಾಲನ್ನು ನಿಷೇಧಿಸಲಾಯಿತು; ಮರುವರ್ಷ ರೋಗಿಗಳ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಸೇನೆಗೆ ಆಜ್ಞೆ ಸಾಕು, ಊರಿಗೆ ಸಾಲದು. ಬಡವನಿಗೆ ಆಡೇ ಜೀವನ. ಕೊಳ್ಳುವವನಿಗೆ ಕಣ್ಣೇ ಪ್ರಮಾಣ. ಊರ ಜನರಲ್ಲಿ ಜ್ವರ ಉಳಿದೇ ಉಳಿಯಿತು. ಹಾಲನ್ನು ಹದವಾಗಿ ಕಾಯಿಸಿ ರೋಗಾಣುವನ್ನು ಕೊಲ್ಲುವ ಪಾಶ್ಚರೀಕರಣದ ವ್ಯವಸ್ಥೆ ಅಲ್ಲಿ ಬಂದದ್ದು 1938ರಲ್ಲಿ. ಅಷ್ಟಾದರೂ 1995ರಲ್ಲಿ, ಪಾಶ್ಚರೀಕರಿಸದ ಹಾಲಿನ ಚೀಸಿನಿಂದ, ಅದೇ ಜ್ವರ ಅದೇ ದ್ವೀಪದಲ್ಲಿ ಮತ್ತೆ ತಲೆಯೆತ್ತಿತು.

ಬ್ರೂಸನ ಹೆಸರು ಹೊತ್ತ ಆ ಬ್ರೂಸೆಲ್ಲಾ ರೋಗಾಣು ನಮ್ಮ ದನಗಳಲ್ಲೂ ಉಂಟು. ಆದರೂ ಹಸಿ ಹಾಲೇ ಅಮೃತವೆಂದು ವಾದಿಸುವ ಓದಿದವರು ಈಚೆಗೆ ನನಗೆ ಆಗಾಗ ಸಿಗುತ್ತಾರೆ. ಹಸುವನ್ನು ತಾವೇ ಕಂಡಿದ್ದೇವೆ, ಕರೆಯುವವನು ಪರಿಚಿತ ಎನ್ನುತ್ತಾರೆ. ಹಾಲಿಗೆ ನೀರು ಬೆರೆಸುವುದನ್ನು ಕಣ್ಣು ತಡೆದೀತು. ಆದರೆ ಮಾಲ್ಟಾದ ಆಡುಗಳೂ ಕಣ್ಣೆದುರಿಗೇ ನಿಂತಿದ್ದವಲ್ಲವೆ?

ನನ್ನ ತಾಯಿಗೆ ಬ್ರೂಸನೂ ಗೊತ್ತಿರಲಿಲ್ಲ, ಜಮ್ಮಿಟನೂ ಗೊತ್ತಿರಲಿಲ್ಲ. ಹಾಲು ಉಕ್ಕುವವರೆಗೆ ಆಕೆ ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ, ಅಷ್ಟೆ.