ನೆಲುವು, ಹೊಸ್ತಿಲು ಮತ್ತು ಕಳ್ಳ ನಾಯಿ

ನೆಲುವು ನೋಡಿದ್ದೀರಾ? ಹಳೇ ಮನೆಗಳ ಅಡುಗೆಕೋಣೆಯಲ್ಲಿ ಜಂತಿಯಿಂದ ಹಗ್ಗದ ಬಲೆ ಇಳಿಬಿಟ್ಟು, ಅದರೊಳಗೆ ಹಾಲು, ಮೊಸರು, ಬೆಣ್ಣೆ ಗಡಿಗೆಗಳನ್ನು ಒಂದರ ಮೇಲೊಂದು ಕೂರಿಸಿಡ್ತಿದ್ರು. ಬೆಕ್ಕು, ನಾಯಿ, ಮನೆಮಕ್ಕಳು ಎಲ್ಲರಿಗೂ ಒಂದೇ ಉಪಾಯ. ಗೋಕುಲದ ಕೃಷ್ಣನೊಬ್ಬನ ಮುಂದೆ ಮಾತ್ರ ಅದರ ಆಟ ನಡೀಲಿಲ್ಲ ಬಿಡಿ :) ಆಮೇಲೆ ಜಾಲರಿ ಬಾಗಿಲಿನ ಬೀರು ಬಂತು, ಇರುವೆ ಹತ್ತದಿರಲಿ ಅಂತ ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲು. ಅದಾದ ಮೇಲೆ ಫ್ರಿಡ್ಜು.

ಇಲ್ಲಿ ನನಗೆ ಸ್ವಾರಸ್ಯ ಅನ್ನಿಸೋದು ಏನಂದ್ರೆ, ಈ ವ್ಯವಸ್ಥೆಯಲ್ಲಿ ನಾಯಿಗೆ ಯಾರೂ ಪಾಠ ಹೇಳ್ತಿರಲಿಲ್ಲ. ಊಟ ಎತ್ತರದಲ್ಲಿ, ನಾಯಿ ಹೊಸ್ತಿಲಾಚೆ. ಮಿಕ್ಕ ಮುದ್ದೆ, ಸಾರು ಹಿತ್ತಲಲ್ಲಿ ಅದರ ತಟ್ಟೆಗೆ. "ನಾಯಿ ಬಾಲ ಡೊಂಕು" ಅಂತ ಗಾದೆ ಮಾಡಿದವರು ಆ ಬಾಲವನ್ನು ನೆಟ್ಟಗೆ ಮಾಡೋಕೆ ಹೋಗಲಿಲ್ಲ, ಗಡಿಗೆಯನ್ನು ಮೇಲೆ ಕಟ್ಟಿದ್ರು.

ಅದಕ್ಕೂ ಹಿಂದೆ ಹೋದರೆ ಆತಕೂರು ಶಾಸನ ಸಿಗುತ್ತೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು. ಈಗ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಶಕ 872, ಅಂದ್ರೆ ಕ್ರಿ.ಶ. 950ರ ಸುಮಾರು. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಮೆರೆದ ಮಣಲೇರ ಅನ್ನೋ ವೀರ, ಏನು ಬೇಕು ಕೇಳು ಅಂದಾಗ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ! ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಜೊತೆಗೊಂದು ಕಟ್ಟಳೆ: ಅಲ್ಲಿನ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ, ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತೆ. ಆ ಪಾಪ ಯಾವುದಿರಬಹುದು ಅಂತ ಯೋಚಿಸಿದಾಗೆಲ್ಲ ನನಗೆ ಯಾರದೋ ಅಡುಗೆಮನೆಯೇ ಕಣ್ಮುಂದೆ ಬರುತ್ತೆ! ತಮಾಷೆ ಇರಲಿ, ಇಲ್ಲೂ ಊಟದ ಶಿಸ್ತು ಮನುಷ್ಯನ ತಲೆಗೇ ಬಂದಿದೆ, ನಾಯಿಯ ತಲೆಗಲ್ಲ.

ಇದು ಕೆಟ್ಟಿದ್ದು ಯಾವಾಗ? ನಮ್ಮ ಬೆಂಗಳೂರಿನ ಪಶ್ಚಿಮದ ಬಡಾವಣೆಗಳನ್ನೇ ನೋಡಿ. 1949ರಲ್ಲಿ ರಾಜಾಜಿಯವರ ಹೆಸರಲ್ಲಿ ರಾಜಾಜಿನಗರ ಶುರುವಾಯ್ತು. ವಿಜಯನಗರ, ಬಸವೇಶ್ವರನಗರ ಆಮೇಲಿನವು. ಮೂವತ್ತು-ನಲವತ್ತರ ಸೈಟು, ಮುಂದೆ ಗೇಟು, ಹಿಂದೆ ಒಗೆಯೋ ಕಲ್ಲು, ಒಂದು ತೆಂಗಿನ ಮರ, ನಾಯಿ ಕಾಂಪೌಂಡಿನೊಳಗೆ ಆದರೆ ಮನೆಯ ಹೊರಗೆ. ಈಗ ಅದೇ ಸೈಟಿನಲ್ಲಿ ಮೂರು-ನಾಲ್ಕು ಅಂತಸ್ತು, ಹಿತ್ತಲು ಹೋಯ್ತು. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯೂ ಹೋಯ್ತು, ಅದಕ್ಕೆ ಓಪನ್ ಕಿಚನ್ ಅಂತ ಹೆಸರು. ನಾಯಿ ಒಳಗೆ ಬಂತು. ನೆಲುವು ಇಲ್ಲ, ಹೊಸ್ತಿಲು ಇಲ್ಲ, ಚಪಾತಿ ಮಾತ್ರ ಸರಿಯಾಗಿ ಅದರ ಮೂಗಿನ ಎತ್ತರಕ್ಕಿದೆ. ಇನ್ನು ಅದಕ್ಕೆ ಆತ್ಮಸಾಕ್ಷಿ ಒಂದು ಇರಬೇಕು ಅಂತ ನಮ್ಮ ನಿರೀಕ್ಷೆ.

ಬಸವೇಶ್ವರನಗರದ ನಮ್ಮ ಬೀದಿಯ ಒಂದು ಮನೇಲಿ ಬ್ರೂನೋ ಅಂತ ಲ್ಯಾಬ್ರಡಾರ್ ಇದೆ. ಯುಗಾದಿಗೆ ಆರಲಿಕ್ಕೆ ಹರಡಿದ್ದ ಹೋಳಿಗೆ ಹನ್ನೊಂದು ನುಂಗಿತ್ತು. ಆಮೇಲೊಂದು ದಿನ ಪಾಯಸಕ್ಕೆ ತಂದಿದ್ದ ಒಣದ್ರಾಕ್ಷಿ ಪೊಟ್ಟಣ ತಿಂದು ಡಾಕ್ಟರ ಹತ್ರ ಓಡಿದ್ದಾಯ್ತು (ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಚಾಕೊಲೇಟು, ಈರುಳ್ಳಿಯೂ ಒಳ್ಳೇದಲ್ಲ). ಏಟು ಬಿತ್ತು, ನಿಲ್ಲಲಿಲ್ಲ. "ಕೆಂಗೇರಿ ಆಚೆ ಎಲ್ಲಾದ್ರೂ ಬಿಟ್ಟು ಬಂದ್ಬಿಡಿ" ಅಂತ ಆ ಮನೆಯ ಅಜ್ಜಿ ಹಠ ಹಿಡಿದಾಗಲೇ ನಾನು ಈ ವಿಷಯ ಓದೋಕೆ ಕೂತಿದ್ದು. ಹಾಗೆ ಸಾಕಿದ ಪ್ರಾಣಿಯನ್ನು ಬಿಟ್ಟುಬರೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ಅದು ಬೇರೆ ಮಾತು.

ಏಟಿನ ಬಗ್ಗೆ ಅಮೆರಿಕದಲ್ಲಿ ರಿಚರ್ಡ್ ಸಾಲಮನ್ ಮತ್ತು ಜೊತೆಗಾರರು 1968ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಸಿದ ಮರಿಗಳ ಮುಂದೆ ಎರಡು ಬಟ್ಟಲು, ಒಂದರಲ್ಲಿ ಮಾಂಸ, ಇನ್ನೊಂದರಲ್ಲಿ ಒಣ ತಿಂಡಿ. ಮಾಂಸಕ್ಕೆ ಬಾಯಿ ಹಾಕಿದರೆ ಸುತ್ತಿದ ಪೇಪರಿನಿಂದ ಮೂತಿಗೆ ಏಟು. ಕೆಲವಕ್ಕೆ ತಕ್ಷಣ, ಕೆಲವಕ್ಕೆ 5 ಸೆಕೆಂಡು ತಡವಾಗಿ, ಕೆಲವಕ್ಕೆ 15 ಸೆಕೆಂಡು. ಎಲ್ಲವೂ ಕಲಿತವು. ಆಮೇಲೆ ಹೊಡೆಯೋ ಮನುಷ್ಯನನ್ನು ಕೋಣೆಯಿಂದ ಹೊರಗೆ ಕಳಿಸಿದರು. ತಕ್ಷಣ ಏಟು ತಿಂದವು ಎರಡು ವಾರ ತಡೆದುಕೊಂಡವು, 5 ಸೆಕೆಂಡಿನವು ಒಂದು ವಾರದಷ್ಟು. 15 ಸೆಕೆಂಡಿನವು? ಬರೀ ಕೆಲವು ನಿಮಿಷ! ಪ್ರಯೋಗ ಕ್ರೂರವೇ, ಸಂಶಯ ಬೇಡ. ಆದರೆ ಹದಿನೈದು ಸೆಕೆಂಡಿಗೇ ಈ ಗತಿಯಾದರೆ, ಸಂಜೆ ಆಫೀಸಿಂದ ಬಂದು ಮಧ್ಯಾಹ್ನದ ಕಳ್ಳತನಕ್ಕೆ ಹೊಡೆಯೋದರಿಂದ ಏನು ಸಿಗುತ್ತೆ ಹೇಳಿ?

"ಆದ್ರೆ ಅದಕ್ಕೆ ತಪ್ಪು ಗೊತ್ತು, ಮುಖ ನೋಡಿ" ಅಂತೀರಿ. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಿನ್ನದೇ ಇದ್ದ ನಾಯಿಯನ್ನು ಬೈದರೂ ಅದೇ ಪಾಪದ ಮುಖ! ಅದು ಬೈಗುಳಕ್ಕೆ ಉತ್ತರ, ಕಳ್ಳತನಕ್ಕಲ್ಲ. 2013ರಲ್ಲಿ ಯೂಲಿಯಾನ ಕಾಮಿನ್ಸ್ಕಿ ಅವರ ತಂಡ ತೋರಿಸಿದ್ದು ಇನ್ನೂ ಚೆಂದ. ಬೇಡ ಅಂದ ತಿಂಡಿಯನ್ನು ನಾಯಿಗಳು ಬೆಳಕಿಗಿಂತ ಕತ್ತಲಲ್ಲೇ ಹೆಚ್ಚು ಕದೀತವೆ. ಅಂದ್ರೆ ನಾವು ಕಲಿಸಿದ್ದು "ಕದೀಬೇಡ" ಅಂತಲ್ಲ, "ಸಿಕ್ಕಿಬೀಳಬೇಡ" ಅಂತ.

ಇನ್ನು ದುರಾಸೆ. ಕೇಂಬ್ರಿಡ್ಜಿನ ಎಲೀನರ್ ರಾಫನ್ ತಂಡ 2016ರಲ್ಲಿ ಪಿಓಎಂಸಿ ಅನ್ನೋ ಜೀನಿನಲ್ಲಿ ಒಂದು ತುಂಡು ಇಲ್ಲದಿರೋದನ್ನು ಕಂಡುಹಿಡಿಯಿತು. ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಹೀಗಿದೆ, ಇಂಥವುಗಳಿಗೆ ಊಟದ ಆಸೆ ಜಾಸ್ತಿ. ಮಜಾ ಕೇಳಿ: ಅಂಗವಿಕಲರಿಗೆ ನೆರವಾಗಲು ಆರಿಸಿದ ಲ್ಯಾಬ್ರಡಾರ್‌ಗಳಲ್ಲಿ ಈ ಕೊರತೆ ಇನ್ನೂ ಹೆಚ್ಚು. ತಿಂಡಿಗೆ ಸಾಯೋ ನಾಯಿ ತಿಂಡಿಗೋಸ್ಕರ ಏನು ಬೇಕಾದರೂ ಕಲಿಯುತ್ತೆ ಅನ್ನೋದು ಇದಕ್ಕೆ ಕಾರಣ ಇರಬಹುದು ಅಂತ ಅವರ ಊಹೆ. ಬ್ರೂನೋನ ಹೊಟ್ಟೆಬಾಕತನವೇ ಅದನ್ನು ತಿದ್ದೋ ದಾರಿ ಅಂತ ನನಗೆ ಧೈರ್ಯ ಬಂದಿದ್ದು ಇದನ್ನು ಓದಿದ ಮೇಲೆ.

ಕ್ರಮ ಹೀಗೆ. ಮುಷ್ಟಿಯಲ್ಲಿ ಬಿಸ್ಕತ್ತು ಮುಚ್ಚಿ ಹಿಡೀಬೇಕು. ನೆಕ್ಕುತ್ತೆ, ಪರಚುತ್ತೆ, ಸುಮ್ಮನಿರಬೇಕು. ಮೂತಿ ಹಿಂದಕ್ಕೆ ತೆಗೆದ ಕ್ಷಣ "ಶಹಭಾಸ್" ಅಂದು ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದು ಕೊಡಬೇಕು. ನಾಲ್ಕಾರು ದಿನಕ್ಕೆ ಅದಕ್ಕೆ "ಬಿಡು" ಅನ್ನೋ ಮಾತು ಸೇರಿಸಬೇಕು. ಆಮೇಲೆ ಬಿಸ್ಕತ್ತು ನೆಲದ ಮೇಲೆ, ಸ್ಟೂಲಿನ ಮೇಲೆ, ಆಮೇಲೆ ನಾವು ಒಂದು ಹೆಜ್ಜೆ ದೂರ. ಅಡುಗೆ ಹೊತ್ತಲ್ಲಿ ಚಾಪೆ ಮೇಲೆ ಮಲಗಿದ್ದಕ್ಕೆ ಆಗಾಗ ಒಂದು ತುಣುಕು. ಈ ವಾರಗಳಲ್ಲಿ ಕಟ್ಟೆ ಮೇಲೆ ಏನೂ ಉಳೀಬಾರದು. ಯಾಕಂದ್ರೆ ಹತ್ತು ಸಲಕ್ಕೊಮ್ಮೆ ಫಲ ಸಿಗೋ ಅಭ್ಯಾಸವೇ ಬಿಡಿಸೋಕೆ ಅತಿ ಕಷ್ಟ ಅಂತ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲೇ ಪಾರಿವಾಳಗಳ ಲೆಕ್ಕ ಇಟ್ಟು ದೊಡ್ಡ ಪುಸ್ತಕ ಬರೆದಿದ್ದಾರೆ. ಲಾಟರಿ ಚೀಟಿ ಕೊಳ್ಳೋರನ್ನು ನೋಡಿದವರಿಗೆ ಪಾರಿವಾಳ ಬೇಕಿಲ್ಲ.

ಆ ಮನೆಯವರು ಅಡುಗೆಮನೆ ಬಾಯಿಗೆ, ಪುಟ್ಟ ಮಕ್ಕಳಿಗೆ ಹಾಕ್ತಾರಲ್ಲ, ಆ ಥರದ ಗೇಟು ಹಾಕಿಸಿದ್ದಾರೆ. ಏಳನೇ ಕ್ಲಾಸಿನ ಹುಡುಗಿ ದಿನಾ ಸಂಜೆ "ಬಿಡು" ಪಾಠ ಮಾಡ್ತಾಳೆ. ಎರಡು ತಿಂಗಳಾಯ್ತು, ಬ್ರೂನೋ ಬೀದಿಯಲ್ಲೇ ಇದೆ. ಕೆಂಗೇರಿ ಮಾತು ನಿಂತಿದೆ. ಅಜ್ಜಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ, ಚಪಾತಿ ಡಬ್ಬಿಯನ್ನು ಫ್ರಿಡ್ಜಿನ ತಲೆ ಮೇಲೆ ಇಟ್ಟೇ ಮಧ್ಯಾಹ್ನ ಮಲಗೋಕೆ ಹೋಗ್ತಾರೆ.